ಯಂತ್ರಪೂಜೆ: ಕುಂಕುಮ ಎಲ್ಲಿಗೆ, ಎಣ್ಣೆ ಎಲ್ಲಿಗೆ

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ 17ರ ವಿಶ್ವಕರ್ಮ ಪೂಜೆಗೆ ಪುಣೆಯ ಭೋಸರಿ, ಚಾಕಣ ಕಡೆಯ ವರ್ಕ್‌ಶಾಪುಗಳು ಸಜ್ಜಾಗುತ್ತಿವೆ. ಕನ್ಯಾ ಸಂಕ್ರಮಣದ ಹಬ್ಬವಾದ್ದರಿಂದ ತಾರೀಖು ಹೆಚ್ಚುಕಡಿಮೆ ಬದಲಾಗದು. ಮಳೆಗಾಲವೂ ಅಷ್ಟರಲ್ಲಿ ಮುಗಿದಿರುವುದಿಲ್ಲ. ತೊಂದರೆ ಶುರುವಾಗುವುದೇ ಅಲ್ಲಿಂದ.

ಪೂಜೆಗೆಂದು ಹುಡುಗರು ಲೇತಿನ (ಲೋಹ ಕಡೆಯುವ ಯಂತ್ರ) ಬೆಡ್ಡನ್ನು, ಅಂದರೆ ಅದರ ಎರಕದ ಕಬ್ಬಿಣದ ಉದ್ದನೆಯ ತಳವನ್ನು, ಡೀಸೆಲ್ ಹಾಕಿ ಫಳಫಳ ಹೊಳೆಯುವಂತೆ ಒರೆಸುತ್ತಾರೆ. ಕೊಳೆಯ ಜೊತೆ ಎಣ್ಣೆಯ ಪದರವೂ ಹೋಗುತ್ತದೆ. ಆಮೇಲೆ ಅದೇ ಬೆಡ್ಡಿನ ಮೇಲೆ ಕಲಸಿದ ಕುಂಕುಮ, ಕಾಯಿನೀರು, ಹೋಳು ಮಾಡಿದ ನಿಂಬೆಹಣ್ಣು. ಪೂಜೆ ಮುಗಿದರೆ ಬಾಗಿಲು ಹಾಕಿ ಮನೆಗೆ. ತೇವದ ಗಾಳಿಗೆ ನಿಂಬೆಯ ಹುಳಿ, ಕಾಯಿನೀರಿನ ಉಪ್ಪು ಸೇರಿದರೆ ಎರಕದ ಕಬ್ಬಿಣಕ್ಕೆ ತುಕ್ಕು ಹಿಡಿಯಲು ಒಂದು ರಾತ್ರಿ ಸಾಕು. ಒಣ ಕುಂಕುಮ, ಅಕ್ಷತೆಯೂ ಕ್ಷೇಮವಲ್ಲ. ಬೆಡ್ಡಿನ ಮೇಲೆ ಓಡಾಡುವ ಕ್ಯಾರೇಜಿನ ವೈಪರ್ (ಕೊಳೆ ಒರೆಸುವ ಪಟ್ಟಿ) ಅಡಿ ಎಣ್ಣೆಯಲ್ಲಿ ಕಲಸಿಕೊಂಡು ಕೂತು ಕಬ್ಬಿಣದ ಚೂರುಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಸ್ಲೈಡಿಗೆ, ಅಂದರೆ ಕ್ಯಾರೇಜು ಜಾರುವ ಮೈಗೆ, ಗೆರೆ ಬೀಳುವುದು ಹಾಗೆ.

ಕುಂಕುಮ, ಗಂಧ ಹೆಡ್‌ಸ್ಟಾಕಿನ (ಲೇತಿನ ಎಡತುದಿಯ ಗೇರ್ ಪೆಟ್ಟಿಗೆಯ) ಬಣ್ಣ ಬಳಿದ ಮೈಗೆ ಇಡಿ. ಹಣ್ಣುಕಾಯಿ ತಟ್ಟೆಯಲ್ಲಿ, ತಟ್ಟೆ ಮಣೆಯ ಮೇಲೆ. ಒರೆಸಿದ ಬೆಡ್ಡಿಗೆ ಆಗಲೇ 68 ನಂಬರಿನ ಸ್ಲೈಡ್ ಆಯಿಲ್ ತೆಳ್ಳಗೆ ಹಚ್ಚಿ. ಕೆಲಸದ ತುಂಡನ್ನು ಹಿಡಿದು ತಿರುಗುವ ಚಕ್ಕಿಗೆ ಚೆಂಡುಹೂವಿನ ಹಾರ ಬೇಡ: ಎಸಳು ಉದುರಿ ಕೂಲೆಂಟ್ (ತಂಪು ಮಾಡುವ ದ್ರವ) ಟ್ಯಾಂಕಿಗಿಳಿದರೆ ಪಂಪಿನ ಜಾಲರಿ ಕಟ್ಟುತ್ತದೆ. ಮೈಕ್ರೋಮೀಟರನ್ನು ಪೆಟ್ಟಿಗೆ ಸಮೇತವೇ ಪೂಜೆಗಿಡಿ. 0.01 ಮಿ.ಮೀ. ಅಳೆಯುವ ಉಪಕರಣದ ಬಾಯಲ್ಲಿ ಕುಂಕುಮ ಕೂತರೆ ಝೀರೋ ತಪ್ಪುತ್ತದೆ, ಮರುದಿನದ ಮಾಲು ರಿಜೆಕ್ಟ್.

ಎಲ್ಲಕ್ಕಿಂತ ಮುಖ್ಯ, ಯಂತ್ರಕ್ಕೆ ಕೈಹಚ್ಚುವ ಮೊದಲು ಮೇನ್ ಸ್ವಿಚ್ ಆಫ್ ಆಗಿರಲಿ. ಡೀಸೆಲ್ ಒರೆಸಿದ ವೇಸ್ಟ್ ಬಟ್ಟೆ, ತಿನ್ನರ್ ಡಬ್ಬ ಹೊರಗೆ ಹೋಗುವ ತನಕ ಕರ್ಪೂರ ಹಚ್ಚಬಾರದು. ಪೂಜೆಯಾದ ಮೇಲೆ ಚಕ್ಕು ಬಿಗಿಸುವ ಚಾವಿ ಅದರಲ್ಲೇ ಉಳಿದಿದೆಯೇ ನೋಡಿ, ಚಕ್ಕನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಕಡಿಮೆ ವೇಗದಲ್ಲಿ ಚಾಲೂ ಮಾಡಿ. ರಸ್ತೆಯಲ್ಲಿ ಒಡೆದ ಕುಂಬಳಕಾಯಿಯನ್ನು ಒಡೆದವರೇ ತಕ್ಷಣ ಬಳಿದು ತೆಗೆಯಬೇಕು, ಮಳೆಯ ರಸ್ತೆಯಲ್ಲಿ ಅದರ ಮೇಲೆ ಬೈಕು ಜಾರುತ್ತವೆ.

ಇಲ್ಲಿನ ಮರಾಠಿಗರ ಖಂಡೇನವಮಿಗೂ ನಮ್ಮ ಆಯುಧಪೂಜೆಗೂ ಇದೇ ಮಾತು. ಹಬ್ಬದ ವಾರ ಮುಹೂರ್ತ ಅಚ್ಚು ಹಾಕುವ ಪುಟದಲ್ಲಿ ಪತ್ರಿಕೆ ಇವಿಷ್ಟನ್ನೂ ಹಾಕಬೇಕೆಂದು ಕೋರುತ್ತೇವೆ.

— ಕನ್ನಡಿಗ ಲೇತ್ ಕೆಲಸಗಾರರು, ಭೋಸರಿ, ಪುಣೆ