"ಫೋಟೊ ಎಲ್ಲೈತ್ರಿ ಸರ?"

ಧಾರವಾಡ, ರವಿವಾರ ರಾತ್ರಿ

ದೋಸ್ತ,

ಮೊನ್ನೆ ಫೋನಿನಲ್ಲಿ "ವಾರಕ್ಕ ಹದಿನಾರು ತಾಸು ಪಾಠ ಮಾಡಾಕ ಇಷ್ಟ್ಯಾಕ ಗೋಳಾಡ್ತೀಲೇ" ಅಂದೆಯಲ್ಲ, ಆಗ ನಕ್ಕು ಸುಮ್ಮನಾದೆ. ಆಮೇಲೆ ಮನಸ್ಸು ತಡೆಯಲಿಲ್ಲ. ನಿನ್ನಂತೆಯೇ ಅಂದುಕೊಂಡವರು ಇನ್ನೂ ಇದ್ದಾರೆ, ಅವರೂ ಓದಲಿ ಅಂತ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಸಿಟ್ಟಾಗಬೇಡ.

ನೀನು ಹೇಳಿದ ಲೆಕ್ಕ ಸುಳ್ಳಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕನಿಗೆ ವಾರಕ್ಕೆ 16 ತಾಸು ನೇರ ಬೋಧನೆ, ಎಲ್ಲ ಸೇರಿ 40 ತಾಸಿಗೆ ಕಡಿಮೆಯಾಗದ ಕೆಲಸ. ಪಕ್ಕದ ವಿಭಾಗದ ಇತಿಹಾಸದವರಿಗೂ ಅಷ್ಟೇ, ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಎಂ.ಎ., ಕಲಿಸುವ ನನಗೂ ಅಷ್ಟೇ. ಆದರೆ ನಮ್ಮ ಹುಡುಗರು ವಾರಕ್ಕೆ ಎರಡು ದಿನ ಕ್ಲಾಸಿನಲ್ಲಿರುವುದಿಲ್ಲ. ಆಸ್ಪತ್ರೆ, ಬಾಲಮಂದಿರ, ಕೊಳಗೇರಿ, ಹಳ್ಳಿ ಅಂತ ಫೀಲ್ಡ್‌ವರ್ಕಿಗೆ ಹೋಗುತ್ತಾರೆ. ಈ ಸಲ ನನ್ನ ಪಾಲಿಗೆ ಹದಿನಾಲ್ಕು ಮಂದಿ. ಅವರ ವರದಿ ಓದಬೇಕು, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಫೀಲ್ಡಿನ ಅನುಭವ ಮಾತಾಡಿಸುವ ಐಸಿ (ಇಂಡಿವಿಜುವಲ್ ಕಾನ್ಫರೆನ್ಸ್) ಮಾಡಬೇಕು. ನೆನಪಿದೆಯಲ್ಲ, ನಾವೂ ಸರ್ ಮುಂದೆ ಕೈಕಟ್ಟಿ ಕೂರುತ್ತಿದ್ದದ್ದು? ಒಬ್ಬರಿಗೆ ಅರ್ಧ ತಾಸು ಹಿಡಿದರೂ ಏಳು ತಾಸು. ಟೈಮ್‌ಟೇಬಲಿನಲ್ಲಿ ಅದಕ್ಕೆ ಎರಡು ತಾಸು ಬರೆದಿದ್ದಾರೆ.

ಕಳೆದ ಗುರುವಾರದ್ದು ಹೇಳುತ್ತೇನೆ. ಹಾವೇರಿ ಕಡೆಯ ಹುಡುಗಿ. ಊರು ಬೇಡ, ಅವಳನ್ನು ಕೇಳಿಯೇ ಇಷ್ಟು ಬರೆಯುತ್ತಿದ್ದೇನೆ. ಸಾಲಕ್ಕೆ ಸೋತು ಜೀವ ಕಳಕೊಂಡ ರೈತನೊಬ್ಬನ ಮನೆಗೆ ಭೇಟಿಗೆ ಹೋಗಿದ್ದಳು. ಎಷ್ಟು ಎಕರೆ, ಬ್ಯಾಂಕಿನದೆಷ್ಟು, ಕೈಗಡ ಎಷ್ಟು, ಎಲ್ಲ ನೀಟಾಗಿ ಬರೆದಿದ್ದಾಳೆ. ಎರಡನೇ ಪುಟದಲ್ಲಿ "ಆ ತಾಯಿ ನನ್ನನ್ನು" ಅನ್ನುವಲ್ಲಿಗೆ ಬರಹ ನಿಂತಿದೆ. "ಯಾಕವಾ?" ಅಂದೆ. ಚೀಲದ ಜಿಪ್ಪು ತೆಗೆಯುತ್ತ, ಹಾಕುತ್ತ ಬಹಳ ಹೊತ್ತು ಕೂತಳು. ಆಮೇಲೆ, "ನಮ್ಮ ಕಾಕಾನೂ ಹಿಂಗ ಹೋದ್ರಿ ಸರ" ಅಂದಳು.

ಮುಂದಿನ ಒಂದೂವರೆ ತಾಸಿನಲ್ಲಿ ನಾನು ಆಡಿದ್ದು ಹತ್ತು ಮಾತೂ ಇರಲಿಕ್ಕಿಲ್ಲ. ನಡುವೆ ಮೂರು ಸಲ ಫೋನು ಗುಂಯ್‌ಗುಟ್ಟಿತು. ಅವಳನ್ನು ಗೆಳತಿಯ ಜೊತೆ ಹಾಸ್ಟೆಲಿಗೆ ಕಳಿಸಿ ನೋಡಿದರೆ ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಫೈಲು ಮಾಡುವವರ ಮೆಸೇಜು: ಮೆಂಟರಿಂಗ್ (ಹುಡುಗರಿಗೆ ಮಾರ್ಗದರ್ಶನ) ನಡೆಸಿದ್ದಕ್ಕೆ ಜಿಯೋಟ್ಯಾಗ್ ಫೋಟೊ, ಅಂದರೆ ಜಾಗದ ಗುರುತಿರುವ ಫೋಟೊ ಬೇಕು, ಐದರೊಳಗೆ. ಹೋಗಿ, ಈಗಷ್ಟೇ ಅದನ್ನೇ ಮಾಡಿ ಬಂದೆ ಅಂದೆ.

"ಫೋಟೊ ಎಲ್ಲೈತ್ರಿ ಸರ? ಫೋಟೊ ಇಲ್ಲಂದ್ರ ಆಗಿಲ್ಲ ಅಂತನ ಲೆಕ್ಕ."

ಅಳುವ ಹುಡುಗಿಯ ಎದುರು ಮೊಬೈಲು ಹಿಡಿದು, ಅಕ್ಷಾಂಶ ರೇಖಾಂಶ ಸಮೇತ ತೆಗೆಯಬೇಕಿತ್ತೇನೋ! ಅವರನ್ನೂ ಬೈಯಲಾರೆ. ಫಿಜಿಕ್ಸ್ ಪ್ರಾಕ್ಟಿಕಲ್ ಬಿಟ್ಟು ಫೈಲು ಹೊಲಿಯಲು ಕೂತ ಮನುಷ್ಯ. ಮರುದಿನ ನಾಲ್ಕು ಹುಡುಗರನ್ನು ಮುಂದೆ ಕೂರಿಸಿಕೊಂಡು, ನಾನು ಬೆರಳೆತ್ತಿ ಏನೋ ಬುದ್ಧಿ ಹೇಳುತ್ತಿರುವಂತೆ ಒಂದು ಫೋಟೊ ತೆಗೆಸಿ ಕೊಟ್ಟೆ. ದಾಖಲೆಗೆ ಸೇರಿದ್ದು ಅದು. ನನಗೂ ನಾಚಿಕೆ ಇದೆ.

ತಮಾಷೆ ಕೇಳು. ಅವತ್ತೇ ನನ್ನ ಪಾಠ ಇದ್ದದ್ದು ಭಾವಶ್ರಮದ ಮೇಲೆ. ಮನಸ್ಸಿನಲ್ಲಿ ಏನೇ ಇರಲಿ, ಕೆಲಸ ಬೇಡುವ ಭಾವವನ್ನು ಮುಖಕ್ಕೆ ತಂದುಕೊಳ್ಳುವುದೂ ದುಡಿಮೆಯೇ ಅಂತ ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ವಿಮಾನದ ಪರಿಚಾರಿಕೆಯರನ್ನು ಇಟ್ಟುಕೊಂಡು ಹೇಳಿದ್ದು. ಹಿಂದಿನ ಬೆಂಚಿನವನೊಬ್ಬ, "ಇದಕ್ಕ ನಿಮಗ ಬ್ಯಾರೆ ಪಗಾರ ಐತೇನ್ರಿ ಸರ?" ಅಂದ. ಇಡೀ ಕ್ಲಾಸು ನಕ್ಕಿತು, ನಾನೂ ನಕ್ಕೆ.

ನರ್ಸಿಂಗ್ ಕಲಿಸುವ ನಿನ್ನ ಹೆಂಡತಿ, ನಮ್ಮ ವೈನಿಯನ್ನು ಕೇಳಿ ನೋಡು, ಅವರಲ್ಲಾದರೂ ಹತ್ತು ಮಕ್ಕಳಿಗೆ ಒಬ್ಬ ಶಿಕ್ಷಕಿ ಅಂತ ಅವರ ಕೌನ್ಸಿಲ್ ಗೆರೆ ಎಳೆದಿದೆ. ನಮ್ಮ ಸಮಾಜಕಾರ್ಯಕ್ಕೆ ಮುಂಬೈಯಲ್ಲಿ ಮೊದಲ ಶಾಲೆ ತೆರೆದದ್ದು 1936ರಲ್ಲಿ. ಇವತ್ತಿಗೂ ಕಾಯ್ದೆಯ ಬಲವಿರುವ ಒಂದು ರಾಷ್ಟ್ರೀಯ ಕೌನ್ಸಿಲ್ ಇಲ್ಲ. ನನ್ನ ಪಾಲಿನ ಹದಿನಾಲ್ಕು ಮಂದಿ ಇಪ್ಪತ್ತಾದರೂ ಕೇಳುವವರಿಲ್ಲ. ಹಾಗಂತ ಗೆರೆ ಇದ್ದ ಮಾತ್ರಕ್ಕೆ ವೈನಿ ಸುಖವಾಗಿದ್ದಾರೆ ಅಂತಲ್ಲ. ಬೆಳಗ್ಗೆ ಏಳಕ್ಕೇ ಮಕ್ಕಳ ಜೊತೆ ವಾರ್ಡಿನಲ್ಲಿ ನಿಂತು, ಮಧ್ಯಾಹ್ನ ಬಂದು ಮತ್ತೆ ಪಾಠ ಮಾಡುವುದನ್ನು ನೀನೇ ನೋಡುತ್ತೀಯಲ್ಲ.

ನನ್ನದೇ ದೊಡ್ಡದು ಅಂತ ಹೇಳಲು ಬಾಯಿ ಬರುವುದಿಲ್ಲ. ನಮ್ಮಲ್ಲೊಬ್ಬಳು ಅತಿಥಿ ಉಪನ್ಯಾಸಕಿ ಇದ್ದಾಳೆ. ಬಸ್ ಚಾರ್ಜು ಕೈಯಿಂದ ಹಾಕಿಕೊಂಡು ಹುಡುಗರ ಹಿಂದೆ ಹಳ್ಳಿ ತಿರುಗುತ್ತಾಳೆ. ರಜೆ ಶುರುವಾದರೆ ಅವಳ ಪಗಾರ ನಿಂತಿತು. "ಆರಾಮ ಇದ್ದೀಯೇನವಾ" ಅಂತ ಕೇಳಲೂ ನನಗೆ ಹೆದರಿಕೆ. ಅವಳು ನಿಜ ಹೇಳತೊಡಗಿದರೆ ಅದು ಹದಿನೈದನೇ ಐಸಿ.

ಆ ಹಾವೇರಿ ಹುಡುಗಿಗೆ ಫೀಲ್ಡ್‌ವರ್ಕು ಬೇರೆ ಕಡೆ ಹಾಕಿಕೊಡಲಾ ಅಂದೆ. "ಬ್ಯಾಡ್ರಿ, ಆ ಅವ್ವಗ ಬರ್ತೀನಂತ ಹೇಳೇನಿ" ಅಂದಳು. ಮಂಗಳವಾರ ಹೋಗುತ್ತಾಳೆ, ಈ ಸಲ ನಾನೂ ಜೊತೆಗೆ. ಅವತ್ತೇ ಹನ್ನೊಂದಕ್ಕೆ ನ್ಯಾಕ್ ಮೀಟಿಂಗ್ ಇದೆ. ತಪ್ಪಿಸಿಕೊಳ್ಳಲು ಒಂದು ಒಳ್ಳೆಯ ನೆವ ಹೇಳು. ನೀನು ಅದರಲ್ಲಿ ಪಳಗಿದವ. ಹೊಟ್ಟೆನೋವು ಹೋದ ತಿಂಗಳೇ ಹೇಳಿಯಾಗಿದೆ.

ನಿನ್ನ
ದೋಸ್ತ