ಬಚ್ಚಲಿನ ಬುಟ್ಟಿಯ ಬಗ್ಗೆ ಪುಟ್ಟಿಗೆ

ತೀರ್ಥಹಳ್ಳಿ

ಚಿ. ಸೌ. ಪುಟ್ಟಿಗೆ, ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ನೀನು ಕಳಿಸಿದ ಬುಟ್ಟಿಗಳ ಫೋಟೊ ನೋಡಿದೆ. ಮಿರಿಮಿರಿ ಕಾಗದ, ರಿಬ್ಬನ್ನು, ನಾಲ್ಕು ಬಣ್ಣದ ಪುಟಾಣಿ ಬಾಟಲಿ, ನಡುವೆ ಪ್ಲಾಸ್ಟಿಕ್ ಹೂವು. ಹೋಮ್‌ಸ್ಟೇ ಬಚ್ಚಲಿಗೆ ಇವುಗಳಲ್ಲಿ ಯಾವುದನ್ನು ತರಿಸಲಿ ಅಂತ ಕೇಳಿದ್ದೀಯ. ಯಾವುದೂ ಬೇಡ ಕಣೇ. ಆ ದುಡ್ಡಿಗೆ ಮೂಡಿಗೆರೆ ಪೇಟೆಯಲ್ಲೇ ಇದಕ್ಕಿಂತ ಎಷ್ಟೋ ಪಾಲು ಉಪಯೋಗಕ್ಕೆ ಬರುವ ಸಾಮಾನು ಸಿಗುತ್ತದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ದಸರಾ ರಜೆಗೆ ಜನ ಬರುವ ಮುಂಚೆ ನಿನ್ನ ಕೈ ಸೇರಲಿ ಅಂತ ಕೂತು ಬರೆಯುತ್ತಿದ್ದೇನೆ.

ನಮ್ಮ ಕಡೆ ಬಂದವರಿಗೆ ಮೊದಲು ಕೈಕಾಲಿಗೆ ನೀರು ಕೊಟ್ಟು, ಆಮೇಲೆ ‘ಆಸರಿಗೆ ಏನು ಬೇಕು’ ಅಂತ ಕೇಳುವುದು ನಿನಗೆ ಗೊತ್ತೇ ಇದೆ. ಬಂದವರು ಏನನ್ನುತ್ತಾರೆ? ‘ಏನೂ ಬೇಡ, ಈಗಷ್ಟೇ ಆಯ್ತು.’ ಗಂಟಲು ಒಣಗಿದ್ದರೂ ಹಾಗೇ ಅನ್ನುತ್ತಾರೆ. ನಾವು ಅದನ್ನು ಕಿವಿಗೆ ಹಾಕಿಕೊಳ್ಳದೆ ಬೆಲ್ಲ, ನೀರು, ಮಜ್ಜಿಗೆ ತಂದಿಟ್ಟು ಒತ್ತಾಯ ಮಾಡುತ್ತೇವೆ, ಅವರೂ ಕುಡಿಯುತ್ತಾರೆ. ಊಟದ ಎಲೆಯ ಮುಂದೆಯೂ ಇದೇ ಕತೆ. ಆದರೆ ಬಚ್ಚಲಿನಲ್ಲಿ ಒತ್ತಾಯ ಮಾಡುವವರು ಯಾರಿದ್ದಾರೆ? ಬ್ರಷ್ ಮರೆತು ಬಂದವರು ಬೆರಳಿನಲ್ಲೇ ಹಲ್ಲುಜ್ಜಿ ಸುಮ್ಮನಾಗುತ್ತಾರೆ. ಬಾಚಣಿಗೆ ಇಲ್ಲದವರು ಕೈಯಲ್ಲೇ ತಲೆ ಸರಿಮಾಡಿಕೊಂಡು ತಿಂಡಿಗೆ ಬಂದು ಕೂರುತ್ತಾರೆ. ಕೇಳಿದರೆ ನೀನು ಕೊಡುತ್ತೀಯ, ಆದರೆ ಅವರು ಕೇಳುವುದಿಲ್ಲ. ಬುಟ್ಟಿ ಇಡುವುದು ಆ ಸಂಕೋಚಕ್ಕಾಗಿ. ಏನಿಡಲಿ, ಏನು ಬಿಡಲಿ ಅಂತ ಅನುಮಾನ ಬಂದಾಗ ಒಂದೇ ಮಾತು ಯೋಚಿಸು: ಪರಿಚಯವಿಲ್ಲದವರ ಮನೆಯಲ್ಲಿ ನಾನಾಗಿದ್ದರೆ ಇದನ್ನು ಬಾಯಿಬಿಟ್ಟು ಕೇಳುತ್ತಿದ್ದೆನೇ? ಇಲ್ಲ ಅನ್ನಿಸಿದರೆ ಅದು ಬುಟ್ಟಿಗೆ ಸೇರಬೇಕು.

ಹಾಗೆ ನೋಡಿದರೆ ಮೊದಲು ಸೇರಬೇಕಾದದ್ದು ಪ್ಯಾಡು. ಅಂಗಡಿಯವರು ಕಟ್ಟಿಕೊಡುವ ಬುಟ್ಟಿಗಳಲ್ಲಿ ಅದು ಕಾಣಿಸಲೇ ಇಲ್ಲ. ಬೆಂಗಳೂರಿನಿಂದ ಅಷ್ಟು ದೂರ ಕಾರಿನಲ್ಲಿ ಬಂದು, ಕತ್ತಲಾದ ಮೇಲೆ ತೋಟದ ಮನೆ ಸೇರಿ, ಆಗ ಬೇಕಾಯಿತು ಅಂದರೆ ಆ ಹುಡುಗಿ ಏನು ಮಾಡಬೇಕು ಹೇಳು. ಮೆಡಿಕಲ್ ಶಾಪು ಪೇಟೆಯಲ್ಲಿ, ಮನೆಯಲ್ಲಿ ಎದುರಿಗಿರುವುದು ನಿನ್ನ ಗಂಡ ಮತ್ತು ಮಾವನವರು. ಹಳೇ ಕಾಟನ್ ಸೀರೆಯಲ್ಲಿ ದಾರ ಎಳೆದರೆ ಬಾಯಿ ಮುಚ್ಚುವಂಥ ಸಣ್ಣ ಚೀಲ ಹೊಲಿ. ಅದರಲ್ಲಿ ದೊಡ್ಡದು ಎರಡು, ಸಾಧಾರಣದ್ದು ಎರಡು ಪ್ಯಾಡ್ ಇಡು, ಜೊತೆಗೆ ಮಡಿಸಿದ ಹಳೇ ಪೇಪರ್ ನಾಲ್ಕು ಹಾಳೆ. ಬುಟ್ಟಿಯ ಪಕ್ಕದಲ್ಲೇ ಕಾಲಿನಲ್ಲಿ ಒತ್ತಿ ತೆರೆಯುವ ಮುಚ್ಚಳದ ಡಬ್ಬಿ ಇರಲಿ. ಆ ಡಬ್ಬಿ ಇಲ್ಲದಿದ್ದರೆ ಎಲ್ಲ ಹೋಗುವುದು ಕಮೋಡಿಗೆ, ಅಲ್ಲಿಂದ ನಿಮ್ಮ ಗುಂಡಿಗೆ. ಪೈಪು ಕಟ್ಟಿಕೊಂಡರೆ ಮಳೆಗಾಲದಲ್ಲಿ ಬಿಚ್ಚಿಸುವುದು ಎಂಥ ಪಾಡು ಅಂತ ನಿನ್ನ ಮಾವನವರನ್ನೇ ಕೇಳು. ಪ್ಯಾಡನ್ನು ಆ ಪೇಪರಿನಲ್ಲಿ ಸುತ್ತಿ, ಬೇರೆಯಾಗಿಯೇ ಪಂಚಾಯಿತಿ ಗಾಡಿಗೆ ಕಳಿಸು. ಒದ್ದೆ ವೈಪ್ಸು ಮಾತ್ರ ಇಡಲೇಬೇಡ, ಅದು ನೀರಿನಲ್ಲಿ ಕರಗುವುದಿಲ್ಲ. ಕಮೋಡಿಗೆ ಫಿನಾಯಿಲ್, ಆಸಿಡ್ ಸುರಿಯುವುದನ್ನೂ ಕಡಿಮೆ ಮಾಡು. ಗುಂಡಿಯಲ್ಲಿ ಮಲವನ್ನು ಕರಗಿಸುವ ಸೂಕ್ಷ್ಮಜೀವಿಗಳು ಅದರಿಂದ ಸಾಯುತ್ತವೆ.

ಮಿಕ್ಕ ಸಣ್ಣಪುಟ್ಟವಕ್ಕೆ ಹೆಚ್ಚು ಹೇಳಬೇಕಿಲ್ಲ. ಹೊದಿಕೆ ಬಿಚ್ಚದ ಬ್ರಷ್ಷು ಎರಡು, ಸಣ್ಣ ಪೇಸ್ಟು, ಬಾಚಣಿಗೆ, ಶೇವಿಂಗ್ ರೇಜರು, ಪಿನ್ನು, ಹೇರ್‌ಪಿನ್ನು, ತಲೆಗೆ ಕಟ್ಟುವ ರಬ್ಬರ್ ಬ್ಯಾಂಡು. ಬೊಟ್ಟಿನ ಶೀಟು ಖಂಡಿತ ಇರಲಿ, ಮುಖ ತೊಳೆದ ಮೇಲೆ ಬೊಟ್ಟು ಬಿದ್ದುಹೋಗಿ ಹುಡುಕುವವರು ಇನ್ನೂ ಬಹಳ ಜನ ಇದ್ದಾರೆ. ವಯಸ್ಸಾದವರು ಬರುತ್ತಾರೆ ಅಂತ ಗೊತ್ತಿದ್ದರೆ ನಂಜನಗೂಡು ಹಲ್ಲುಪುಡಿಯ ಸಣ್ಣ ಪೊಟ್ಟಣ ಇಡು, ಎಷ್ಟೋ ಜನ ಅದನ್ನು ನೋಡಿಯೇ ಖುಷಿಪಡುತ್ತಾರೆ. ಇಯರ್ ಬಡ್ ಇಡುವುದಾದರೆ ಕಾಗದದ ಕಡ್ಡಿಯದೇ ಆಗಬೇಕು, ಪ್ಲಾಸ್ಟಿಕ್ ಕಡ್ಡಿಯದು 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ.

ಸಾಬೂನಿನ ವಿಷಯ ಸ್ವಲ್ಪ ನಿಧಾನವಾಗಿ ಓದು. ಫೋಟೊದಲ್ಲಿದ್ದ ಗುಂಡು ಗುಂಡು ಬಣ್ಣದ ಬಿಲ್ಲೆಗಳು ನೋಡಲು ಚೆಂದ, ಎರಡು ಸ್ನಾನಕ್ಕೆ ಅಂಟು ಅಂಟಾಗುತ್ತವೆ. ಸಾಬೂನು ಕೊಳ್ಳುವಾಗ ಹೊದಿಕೆಯ ಹಿಂಬದಿ ನೋಡು. ಟಿಎಫ್‌ಎಂ ಅಂತ ಬರೆದಿರುತ್ತದೆ, ಎಣ್ಣೆಯಿಂದ ಬಂದ ಕೊಬ್ಬಿನಂಶ ಎಷ್ಟಿದೆ ಅನ್ನುವ ಲೆಕ್ಕ ಅದು. ಶೇ. 76 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೊದಲ ದರ್ಜೆ. ಅದು ಕಡಿಮೆಯಾದಷ್ಟೂ ಸಾಬೂನು ಬೇಗ ಕರಗುತ್ತದೆ, ಮೈ ಒಣಗಿಸುತ್ತದೆ. ನನ್ನನ್ನು ಕೇಳಿದರೆ ಬುಟ್ಟಿಯಲ್ಲಿ ಮೈಸೂರು ಸ್ಯಾಂಡಲ್ ಸಾಬೂನೇ ಇರಬೇಕು. ಮೊದಲ ಮಹಾಯುದ್ಧದಲ್ಲಿ ಗಂಧದ ಮರ ಹೊರದೇಶಕ್ಕೆ ಹೋಗುವುದು ನಿಂತು ಕೊರಡುಗಳು ರಾಶಿ ಬಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರು ಎಣ್ಣೆಯನ್ನು ಇಲ್ಲೇ ತೆಗೆಯಬೇಕೆಂದು 1916ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲೇ ಕಾರ್ಖಾನೆ ಹಾಕಿಸಿದರು. ಅದರ ಬೆನ್ನಿಗೇ ಬಂದದ್ದು ಈ ಸಾಬೂನು. ಅದರ ಮೇಲಿರುವ ಸಿಂಹದ ಮೈ, ಆನೆಯ ಮುಖದ ಶರಭವನ್ನು ಮಕ್ಕಳು ಇದೇನು ಅಂತ ಕೇಳುತ್ತಾರೆ, ಹೇಳಿಕೊಡು. ಹೊರರಾಜ್ಯದವರು ಬಳಸದೆ ಹಾಗೇ ಊರಿಗೆ ಒಯ್ದರೂ ಬೇಸರ ಮಾಡಿಕೊಳ್ಳಬೇಡ, ನಮ್ಮ ನಾಡಿನ ಗಂಧ ಅವರ ಮನೆ ಸೇರಿತು ಅಂದುಕೋ. ಗಂಧ ಆಗದವರೂ ಇರುತ್ತಾರೆ, ಪುಟ್ಟ ಮಕ್ಕಳೂ ಇರುತ್ತಾರೆ. ಅವರಿಗಾಗಿ ವಾಸನೆ ಇಲ್ಲದ ಮೃದುವಾದ ಸಾಬೂನು ಒಂದು ಜೊತೆಗಿರಲಿ. ಜೈನರು, ಶುದ್ಧ ಸಸ್ಯಾಹಾರಿಗಳು ಹೊದಿಕೆಯ ಮೇಲೆ ಹಸಿರು ಚುಕ್ಕೆ ಹುಡುಕುತ್ತಾರೆ, ಕೊಳ್ಳುವಾಗ ನೀನೇ ನೋಡಿಕೊಂಡುಬಿಡು.

ದೊಡ್ಡ ಸಾಬೂನು ತರಬೇಡ. ನಿಮ್ಮದು ಹಳ್ಳದ ನೀರು, ಮೆದು. ಚೂರು ಉಜ್ಜಿದರೂ ನೊರೆ ಉಕ್ಕುತ್ತದೆ. ಬೆಂಗಳೂರಿನವರಿಗೆ ಬೋರ್‌ವೆಲ್ಲಿನ ಗಡಸು ನೀರು ರೂಢಿ, ಅದರಲ್ಲಿ ಸುಣ್ಣದಂಶ ಹೆಚ್ಚು, ಎಷ್ಟು ಉಜ್ಜಿದರೂ ನೊರೆ ಬರುವುದಿಲ್ಲ. ಇಲ್ಲಿಗೆ ಬಂದು ಅಷ್ಟೇ ಸಾಬೂನು, ಅಷ್ಟೇ ಶಾಂಪೂ ಹಾಕಿಕೊಂಡು, ಎಷ್ಟು ತೊಳೆದರೂ ಜಾರುತ್ತಲೇ ಇದೆ ಅಂತ ಪರದಾಡುತ್ತಾರೆ. ‘ನಮ್ಮ ನೀರು ಮೆದು, ಸ್ವಲ್ಪವೇ ಸಾಕು’ ಅಂತ ಒಂದು ಚೀಟಿಯಲ್ಲಿ ಬರೆದು ಕನ್ನಡಿಯ ಮೂಲೆಗೆ ಅಂಟಿಸು. ಅದರ ಕೆಳಗೇ ಬಿಸಿನೀರಿನ ನಲ್ಲಿ ಯಾವುದು, ಒಲೆಗೆ ಬೆಂಕಿ ಹಾಕುವುದು ಎಷ್ಟು ಹೊತ್ತಿಗೆ ಅನ್ನುವುದನ್ನೂ ಬರೆ. ಹಂಡೆಯ ನೀರು ಎಷ್ಟು ಕಾದಿರುತ್ತದೆ ಅಂತ ಪೇಟೆಯವರಿಗೆ ಅಂದಾಜಿರುವುದಿಲ್ಲ, ನೇರವಾಗಿ ಮೈಮೇಲೆ ಹುಯ್ದುಕೊಂಡರೆ ಕಷ್ಟ.

ತಲೆಗೆ ಕೊಬ್ಬರಿ ಎಣ್ಣೆ ಸಣ್ಣ ಬಾಟಲಿಯಲ್ಲಿ ಇಡು. ಶಾಂಪೂವಿಗೆ ಸ್ಯಾಶೆ ತರಬೇಡ. ಬಚ್ಚಲಿನ ಜಾಲರಿಯಲ್ಲಿ ಆ ಹರಿದ ತುದಿಗಳು ಸಿಕ್ಕಿಕೊಂಡು ನೀರು ನಿಲ್ಲುತ್ತದೆ, ತೋಟದ ತುಂಬ ಹಾರಾಡುತ್ತವೆ. ಒತ್ತಿದರೆ ಬರುವ ಗಟ್ಟಿ ಬಾಟಲಿ ಗೋಡೆಯ ಗೂಡಿನಲ್ಲಿಟ್ಟು ತುಂಬಿಸುತ್ತಾ ಹೋಗು. ತಳದಲ್ಲಿ ಉಳಿದದ್ದರ ಮೇಲೇ ಹೊಸದನ್ನು ಸುರಿಯದೆ, ಖಾಲಿಯಾದ ಮೇಲೆ ತೊಳೆದು ಒಣಗಿಸಿ ತುಂಬಿಸಬೇಕು. ಸೀಗೆಪುಡಿ ಇಡುವ ಆಸೆ ನಿನಗಿದೆ ಅಂತ ಗೊತ್ತು, ನನಗೂ ಅದೇ ಇಷ್ಟ. ಆದರೆ ಅಭ್ಯಾಸ ಇಲ್ಲದವರ ಕಣ್ಣಿಗೆ ಬಿದ್ದರೆ ಉರಿ ತಡೆಯಲಾಗುವುದಿಲ್ಲ. ಕೇಳಿದವರಿಗೆ ಅಂಟುವಾಳ, ಸೀಗೆ ಬೆರೆಸಿ ನೀನೇ ಬಟ್ಟಲಲ್ಲಿ ಕಲಸಿ ಕೊಡು. ದೀಪಾವಳಿಗೆ ಬಂದವರಿಗೆ ಅಭ್ಯಂಜನದ ಎಣ್ಣೆಯ ಜೊತೆ ಕೊಟ್ಟರೆ ಇನ್ನೂ ಚೆನ್ನ.

ಮಳೆ ಇನ್ನೂ ಪೂರ್ತಿ ಬಿಟ್ಟಿಲ್ಲ, ಇಂಬಳದ, ಅದೇ ಜಿಗಣೆಯ, ಕಾಟ ಇದ್ದೇ ಇರುತ್ತದೆ. ತೋಟ ಸುತ್ತಿ ಬಂದವರು ಕಾಲಲ್ಲಿ ರಕ್ತ ನೋಡಿ ಕೂಗಿಕೊಳ್ಳುತ್ತಾರೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಪುಡಿ ಉಪ್ಪು, ಹತ್ತಿ, ಬ್ಯಾಂಡೇಡು ಇಷ್ಟನ್ನೂ ಬೇರೆಯಾಗಿ ಜಗಲಿಯ ನಲ್ಲಿಯ ಹತ್ತಿರ ಇಡು. ಸಾಧಾರಣ ಡಬ್ಬಿಯಾದರೆ ಉಪ್ಪು ನೀರಾಗುತ್ತದೆ. ಇಂಬಳದ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಅದಕ್ಕೇ ಅಷ್ಟು ಹೊತ್ತು ಸೋರುತ್ತದೆ, ಹತ್ತಿ ಒತ್ತಿ ಹಿಡಿದರೆ ನಿಲ್ಲುತ್ತದೆ ಅಂತ ಸಮಾಧಾನವಾಗಿ ಹೇಳು. ಜ್ವರದ ಮಾತ್ರೆ, ಹೊಟ್ಟೆನೋವಿನ ಮಾತ್ರೆ ಮಾತ್ರ ಬುಟ್ಟಿಗೆ ಹಾಕಬೇಡ, ಮಕ್ಕಳ ಕೈಗೆ ಸಿಗುತ್ತದೆ. ಅವು ನಿನ್ನ ಅಡುಗೆಮನೆಯ ಮೇಲಿನ ಕಪಾಟಿನಲ್ಲಿರಲಿ, ಬೇಕಾದರೆ ಕೇಳಿ ಅಂತ ಆ ಚೀಟಿಯಲ್ಲೇ ಸೇರಿಸು.

ಮಕ್ಕಳ ಮಾತು ಬಂತಲ್ಲ, ಟವೆಲ್ ಇಡುವ ಕಪಾಟಿಗೆ ನುಸಿಗುಳಿಗೆ ಹಾಕುವ ಅಭ್ಯಾಸ ನಿಮ್ಮ ಮನೆಯಲ್ಲಿದೆ. ದಯವಿಟ್ಟು ತೆಗೆದುಬಿಡು. ಬೆಳ್ಳಗೆ ಪೆಪ್ಪರ್‌ಮಿಂಟಿನ ಹಾಗೆ ಕಾಣುತ್ತದೆ, ಮಕ್ಕಳು ಬಾಯಿಗೆ ಹಾಕಿಕೊಂಡರೆ ಅಪಾಯ. ಹುಟ್ಟಿನಿಂದ ಒಂದು ಬಗೆಯ ರಕ್ತದ ದೋಷ ಇರುವ ಹಸುಗೂಸುಗಳಿಗೆ ಆ ಗುಳಿಗೆಯ ಬಟ್ಟೆ ಹೊದಿಸಿದರೂ ತೊಂದರೆಯಾಗುತ್ತದೆ. ಅದರ ಬದಲು ಲಾವಂಚದ ಬೇರಿನ ಕಟ್ಟು ಇಡು, ಬಟ್ಟೆಗೆ ತಣ್ಣನೆಯ ವಾಸನೆ ಬರುತ್ತದೆ. ಟವೆಲ್ಲುಗಳೂ ದಪ್ಪನೆಯವು ಬೇಡ. ಹೋಟೆಲಿನವರ ಹಾಗೆ ಉಬ್ಬಿದ ಟವೆಲ್ ಕೊಡಬೇಕು ಅನ್ನಿಸುವುದು ಸಹಜ, ಆದರೆ ನಿಮ್ಮ ಊರಿನ ಜಿಟಿಜಿಟಿಗೆ ಅದು ಎರಡು ದಿನವಾದರೂ ಒಣಗದೆ ಮುಗ್ಗಲು ಹಿಡಿಯುತ್ತದೆ. ಕೈಮಗ್ಗದ ತೆಳು ಟವೆಲ್ ನೀರು ಚೆನ್ನಾಗಿ ಹೀರುತ್ತದೆ, ಬೇಗ ಆರುತ್ತದೆ. ಬಚ್ಚಲೊಲೆಯ ಮೇಲಿನ ಗಳುವಿಗೆ ಹಾಕಿ ಒಣಗಿಸಿದ ಟವೆಲ್ ಹೊಗೆ ವಾಸನೆ ಹೊಡೆಯುತ್ತದೆ, ಮುಖ ಒರೆಸಿಕೊಂಡವರಿಗೆ ಕೂಡಲೇ ಗೊತ್ತಾಗುತ್ತದೆ. ಅದು ಮನೆಯವರಿಗಿರಲಿ. ಬಂದವರ ಟವೆಲ್ಲನ್ನು ಕಾಫಿ ಒಣಗಿಸುವ ಕಣದ ಪಕ್ಕ ಬಿಸಿಲು ಕಂಡ ಕೂಡಲೇ ಹರವು, ಬಿಸಿಲಿಲ್ಲದ ದಿನ ಫ್ಯಾನಿನ ಕೆಳಗೆ.

ಇನ್ನು ಬುಟ್ಟಿ. ಚನ್ನಪಟ್ಟಣದ ಅರಗಿನ ಬಣ್ಣದ ಡಬ್ಬಿಗಳನ್ನು ತರಿಸೋಣ ಅಂತ ನೀನು ಅಂದಿದ್ದೆ. ಬಹಳ ಚೆಂದ, ಆದರೆ ಅವು ಮರದವು. ದಿನವೂ ಹಬೆ, ನೀರು ಬಿದ್ದರೆ ಹಾಳು. ಕೋಣೆಯ ಮೇಜಿನ ಮೇಲೆ ಪಿನ್ನು, ಬೊಟ್ಟು ಇಡಲು ಒಂದು ತರಿಸು, ಬಚ್ಚಲಿಗೆ ಬೇಡ. ಬೆತ್ತ, ಬಿದಿರು ಕೂಡ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತವೆ. ಆದರೂ ಮೇದಾರರ ಕೈಯ ಬುಟ್ಟಿಯ ಅಂದವೇ ಬೇರೆ, ಅದನ್ನು ಬಿಡು ಅಂತ ಹೇಳಲು ನನಗೆ ಮನಸ್ಸಿಲ್ಲ. ಪ್ರತಿ ಕೋಣೆಗೆ ಎರಡೆರಡು ಬುಟ್ಟಿ ಮಾಡಿಸಿ, ಒಂದು ಬಳಕೆಯಲ್ಲಿದ್ದಾಗ ಇನ್ನೊಂದನ್ನು ಬಿಸಿಲಿಗೆ ಇಟ್ಟರೆ ಬಾಳಿಕೆ ಬರುತ್ತದೆ. ನೀರು ಸಿಡಿಯದ ಎತ್ತರದಲ್ಲಿ, ಬಾಗಿಲು ತೆಗೆದ ಕೂಡಲೇ ಕಣ್ಣಿಗೆ ಬೀಳುವ ಹಾಗಿಡು. ‘ಇದು ನಿಮಗಾಗಿ, ಬಳಸಿ’ ಅಂತ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಒಂದು ಸಾಲು ಬರೆದಿಡುವುದು ಮುಖ್ಯ. ಬರೆದಿರದಿದ್ದರೆ ಇದು ಮನೆಯವರದ್ದೋ ಏನೋ, ದುಡ್ಡು ಹಾಕುತ್ತಾರೋ ಏನೋ ಅಂತ ನಮ್ಮ ಜನ ಮುಟ್ಟುವುದೇ ಇಲ್ಲ.

ಕುಂಕುಮದ ಭರಣಿಯನ್ನು ಮಾತ್ರ ಬಚ್ಚಲಲ್ಲಿ ಇಡಬೇಡ, ಹಿರಿಯರಿಗೆ ಸರಿಬರುವುದಿಲ್ಲ. ಕೋಣೆಯ ಕನ್ನಡಿಯ ಹತ್ತಿರ ಇರಲಿ. ಮಡಿಯಲ್ಲಿ ಸಂಧ್ಯಾವಂದನೆ ಮಾಡುವವರು ಬಂದರೆ ಸಾಬೂನು ತಾಗದ ತಾಮ್ರದ ತಂಬಿಗೆ ಒಂದು ಬೇರೆ ತೆಗೆದಿಟ್ಟಿರು. ಕಾಲುನೋವಿನವರಿಗೆ ಕೂತು ಸ್ನಾನ ಮಾಡಲು ಜಾರದ ಸ್ಟೂಲು ಬೇಕು, ಅದು ಬುಟ್ಟಿಯೊಳಗಿನ ಎಲ್ಲಕ್ಕಿಂತ ದೊಡ್ಡ ಉಪಕಾರ.

ಒಬ್ಬರು ಹೋಗಿ ಇನ್ನೊಬ್ಬರು ಬರುವ ನಡುವೆ ಬುಟ್ಟಿಯನ್ನು ಪೂರ್ತಿ ಖಾಲಿ ಮಾಡಿ ಮತ್ತೆ ತುಂಬಬೇಕು, ಮೇಲಿಂದ ಮೇಲೆ ಸೇರಿಸುತ್ತಾ ಹೋಗಬಾರದು. ಬಳಸಿದ ಸಾಬೂನಿನ ತುಂಡು ಎಷ್ಟೇ ದೊಡ್ಡದಿರಲಿ, ಇನ್ನೊಬ್ಬರಿಗೆ ಇಡಬೇಡ. ತುರಿದು ನೀರಿನಲ್ಲಿ ನೆನೆಸಿಟ್ಟರೆ ಕಾಲೊರೆಸು, ನೆಲದ ಬಟ್ಟೆ ಒಗೆಯಲು ಆಗುತ್ತದೆ. ಹೊದಿಕೆ ಹರಿದ ಬ್ರಷ್ಷನ್ನು ಯಾರೂ ಬಳಸದಿದ್ದರೂ ತೆಗೆದುಬಿಡು. ಸಾಬೂನಿಗೆ ಅಂಟಿದ ಒಂದು ಕೂದಲು ಕಂಡರೆ ಬಂದವರಿಗೆ ಇಡೀ ಮನೆಯ ಮೇಲೇ ಅಸಹ್ಯ ಹುಟ್ಟುತ್ತದೆ, ಆಮೇಲೆ ನೀನು ಎಷ್ಟೇ ಚೆನ್ನಾಗಿ ಕಡುಬು ಮಾಡಿ ಬಡಿಸಿದರೂ ಅದು ಹೋಗುವುದಿಲ್ಲ. ಈ ಕೆಲಸವನ್ನು ಆಳಿಗೆ ಬಿಡದೆ ಮೊದಲ ಕೆಲವು ತಿಂಗಳು ನೀನೇ ಮಾಡು. ಯಾವುದು ಖರ್ಚಾಗುತ್ತದೆ, ಯಾವುದು ಮುಟ್ಟದೆ ಉಳಿಯುತ್ತದೆ ಅನ್ನುವುದು ಕೈಗೇ ಗೊತ್ತಾಗುತ್ತದೆ.

ಎಲ್ಲ ಜೋಡಿಸಿದ ಮೇಲೆ, ಜನ ಬರುವ ಮುಂಚೆ, ನೀವಿಬ್ಬರೂ ಒಂದು ರಾತ್ರಿ ಆ ಕೋಣೆಯಲ್ಲೇ ಮಲಗಿ. ಉಟ್ಟ ಬಟ್ಟೆ ಬಿಟ್ಟು ನಿಮ್ಮದೇನನ್ನೂ ಒಯ್ಯಬೇಡಿ. ಬೆಳಿಗ್ಗೆ ಹಲ್ಲುಜ್ಜಿ, ಸ್ನಾನ ಮಾಡಿ, ತಲೆ ಬಾಚಿಕೊಂಡು ಹೊರಗೆ ಬರುವವರೆಗೆ ಯಾವುದಕ್ಕಾಗಿ ನಿಮ್ಮ ಕೋಣೆಗೆ ಓಡಬೇಕು ಅನ್ನಿಸಿತೋ ಅದನ್ನು ಬರೆದಿಟ್ಟುಕೊಂಡು ನನಗೆ ಫೋನ್ ಮಾಡು. ಲಾವಂಚ ಇಲ್ಲಿಂದ ನಾನು ಕಳಿಸುತ್ತೇನೆ, ಅಲ್ಲಿ ಕೊಳ್ಳಬೇಡ. ನಿನ್ನ ಅತ್ತೆ ಮಾವನವರಿಗೆ ನನ್ನ ನಮಸ್ಕಾರ ತಿಳಿಸು.

ಇತಿ ಆಶೀರ್ವಾದಗಳು,
ನಿನ್ನ ದೊಡ್ಡಮ್ಮ