ಆಂಪ್ಲಿಫೈಯರ್‌ಗೆ ಕರೆಂಟ್ ಕೊಡುವ ಮೊದಲು

ತುಮಕೂರಿನ ಗೆಳೆಯರೇ, ಟಿಡಿಎ 2030ಎ ಎಂಬ ಆಡಿಯೋ ಆಂಪ್ಲಿಫೈಯರ್ ಐಸಿ (ಚಿಪ್) ಬಳಸಿ ಬೋರ್ಡ್ ಕಟ್ಟುತ್ತಿರುವವರೆಲ್ಲ ದಯವಿಟ್ಟು ಓದಿ.

ಐಸಿ ತರುವಾಗ ಕೊನೆಯ ‘ಎ’ ಅಕ್ಷರ ಇದೆಯೇ ನೋಡಿ. 2030ರ ಸಪ್ಲೈ ಮಿತಿ ±18 ವೋಲ್ಟ್, 2030ಎ ±22 ತಡೆಯುತ್ತದೆ. 12-0-12 ಟ್ರಾನ್ಸ್‌ಫಾರ್ಮರ್ ಕೊಡುವ ಎಸಿ, ಡಿಸಿ ಆದ ಮೇಲೆ ಲೋಡ್ ಇಲ್ಲದಾಗ ±17 ದಾಟುತ್ತದೆ; ರಾತ್ರಿ ಪಂಪ್‌ಸೆಟ್‌ಗಳು ನಿಂತು ಲೈನ್ ವೋಲ್ಟೇಜ್ ಏರಿದರೆ ಇನ್ನೂ ಮೇಲೆ. ಫಿಲ್ಟರ್‌ಗೆ 4700 ಮೈಕ್ರೋಫ್ಯಾರಡ್, 25 ವೋಲ್ಟ್‌ನ ಕೆಪಾಸಿಟರ್ ಎರಡು ಸಾಕು.

ಹೆಚ್ಚು ಐಸಿ ಸುಡುವುದು ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು) ಜೋಡಿಸುವ ತಪ್ಪಿನಿಂದ. ಐಸಿಯ ಲೋಹದ ಬೆನ್ನು ಒಳಗೇ 3ನೇ ಪಿನ್‌ಗೆ, ಅಂದರೆ ಮೈನಸ್ ಸಪ್ಲೈಗೆ ಸೇರಿದೆ. ಹೀಟ್‌ಸಿಂಕ್ ಗ್ರೌಂಡ್ ಆದ ಡಬ್ಬಿಗೆ ತಗುಲಿದರೆ ನೇರ ಶಾರ್ಟ್. ಐಸಿಗೂ ಹೀಟ್‌ಸಿಂಕ್‌ಗೂ ನಡುವೆ ಮೈಕಾ ಹಾಳೆ, ಸ್ಕ್ರೂಗೆ ಪ್ಲಾಸ್ಟಿಕ್ ಬುಷ್ ಎರಡೂ ಬೇಕು. ಬಿಗಿದ ಮೇಲೆ 3ನೇ ಪಿನ್‌ಗೂ ಹೀಟ್‌ಸಿಂಕ್‌ಗೂ ಮೀಟರ್ ಹಿಡಿಯಿರಿ, ಬೀಪ್ ಬರಬಾರದು.

ಮೊದಲ ಸಲ 60 ವಾಟ್‌ನ ಹಳೇ ತಂತಿ ಬಲ್ಬನ್ನು 230 ವೋಲ್ಟ್ ಲೈನಿಗೆ ಸೀರೀಸ್‌ನಲ್ಲಿಟ್ಟೇ ಆನ್ ಮಾಡಿ. ಮಿಂಚಿ ಮಂಕಾದರೆ ಸರಿ. ಉರಿಯುತ್ತಲೇ ಇದ್ದರೆ ತಕ್ಷಣ ಪ್ಲಗ್ ಕೀಳಿ. ಇನ್‌ಪುಟ್ಟನ್ನು ಗ್ರೌಂಡ್‌ಗೆ ಶಾರ್ಟ್ ಮಾಡಿ 4ನೇ ಪಿನ್‌ನಲ್ಲಿ (ಔಟ್‌ಪುಟ್) ಡಿಸಿ ಅಳೆಯಿರಿ. 20 ಮಿಲಿವೋಲ್ಟ್ ಒಳಗಿದ್ದರೆ ನೆಮ್ಮದಿ. ವೋಲ್ಟ್‌ಗಟ್ಟಲೆ ತೋರಿಸಿದರೆ ಸ್ಪೀಕರ್ ಹಚ್ಚಲೇಬೇಡಿ, ಕಾಯಿಲ್ ಸುಡುತ್ತದೆ.

ಹಾಡೇ ಇಲ್ಲದೆ ಐಸಿ ತೀರಾ ಬಿಸಿಯೇರಿದರೆ ಅದು ಹೆಚ್ಚಾಗಿ ಆಸಿಲೇಶನ್, ಅಂದರೆ ಸರ್ಕ್ಯೂಟ್ ತಾನಾಗಿಯೇ ಕಂಪಿಸುವುದು. ಔಟ್‌ಪುಟ್‌ನ 1 ಓಮ್, 0.22 ಮೈಕ್ರೋಫ್ಯಾರಡ್ ರೆಸಿಸ್ಟರ್-ಕೆಪಾಸಿಟರ್ ಜೋಡಿಯನ್ನು ಬಿಟ್ಟಿದ್ದೀರಾ ನೋಡಿ. ಗುಂಯ್ ಸದ್ದಿಗೆ ಬಹುಪಾಲು ಗ್ರೌಂಡೇ ಕಾರಣ: ಇನ್‌ಪುಟ್ ಮತ್ತು ಸ್ಪೀಕರ್ ಗ್ರೌಂಡ್‌ಗಳನ್ನು ಬೇರೆ ಬೇರೆ ತಂತಿಯಲ್ಲಿ ಎರಡು ಫಿಲ್ಟರ್ ಕೆಪಾಸಿಟರ್‌ಗಳ ನಡುವಿನ ಬಿಂದುವಿಗೇ ತನ್ನಿ.

230 ವೋಲ್ಟ್ ಬದಿಯ ಬೆಸುಗೆಗೆಲ್ಲ ಸ್ಲೀವ್ (ಕರೆಂಟ್ ತಡೆಯುವ ಕೊಳವೆ) ಕಡ್ಡಾಯ.